ಹಳೆ ಪಡಸಾಲೆಗೆ ಸುಣ್ಣ, ಜಾಜು, ಅಗಸೆ ಎಣ್ಣೆ

ಕೊಪ್ಪಳದ ಹಳೇ ಊರಿನಲ್ಲಿ ನಮ್ಮದು ಮಾಳಿಗೆ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಜಂತೆ, ಅದರ ಮೇಲೆ ಮಣ್ಣು. ಪಡಸಾಲೆಯ ಮೂರು ಕಡೆ ಗೂಡುಗಳಿವೆ. ಈ ಪಡಸಾಲೆಗೆ ಬಣ್ಣ ಹಚ್ಚೋದು, ತಲೆಬಾಗಿಲು ಸರಿ ಮಾಡೋದು, ಗೂಡುಗಳನ್ನು ಮತ್ತೆ ಬಳಕೆಗೆ ತರೋದು, ಇಷ್ಟು ಕೆಲಸವನ್ನು ಈ ಸಲ ಮನೆಮಂದಿಯೇ ಮಾಡಿಕೊಂಡೆವು. ಭಾರದ ಕೆಲಸಕ್ಕೆ ಒಬ್ಬ ಗೌಂಡಿ ಅಜ್ಜ ಜೊತೆಗಿದ್ದರು. ಇಂಥ ಮನೆಗಳು ನಮ್ಮ ಕಡೆ ಇನ್ನೂ ಬಹಳ ಇವೆ. ಅಂಥವರಿಗೆ ಉಪಯೋಗ ಆಗಲಿ ಅಂತ ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮನೆ ಬಾಡಿಗೆಗೆ ಇದ್ದ ಕಾಲದಲ್ಲಿ ಯಾರೋ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದಿದ್ದರು. ಕೆಳಗೆ ಸೊಂಟದ ಎತ್ತರದವರೆಗೆ ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಬೇರೆ. ನೋಡೋಕೆ ಗಟ್ಟಿ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಪೇಂಟು ಅಲ್ಲಲ್ಲಿ ಉಬ್ಬುತ್ತಿತ್ತು. ಉಬ್ಬಿದ ಜಾಗವನ್ನು ಒತ್ತಿದರೆ ಒಳಗಿಂದ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಸಿಮೆಂಟ್ ಮುಗಿಯುವ ಗೆರೆಯ ಮೇಲೆಯೇ ತೇವದ ಕಲೆ, ಪ್ರತಿ ವರ್ಷ ಒಂದಿಷ್ಟು ಮೇಲಕ್ಕೆ.

ಗೌಂಡಿ ಅಜ್ಜ ಗೋಡೆಗೆ ಅಂಗೈ ಇಟ್ಟು ನೋಡಿದರು. "ಅಕ್ಕಾರ, ಈ ಗ್ವಾಡಿ ಬೆವರತೈತ್ರಿ. ಬೆವರೋ ಮೈಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ರ ಏನಾಕ್ಕೈತಿ ಹೇಳ್ರಿ?" ಅಂದರು. ವಿಷಯ ಅಷ್ಟೇ. ಮಣ್ಣಿನ ಗೋಡೆಗೆ ತಳಪಾಯ ಇರೋದಿಲ್ಲ ಅಂತಲ್ಲ, ಆದರೆ ಈಗಿನ ಮನೆಗಳ ಹಾಗೆ ತೇವ ತಡೆಯುವ ಪದರ ಇರೋದಿಲ್ಲ. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಮೈಯಿಂದ ಆರಿ ಹೋಗುತ್ತದೆ. ಆರುವ ದಾರಿಯನ್ನು ಪೇಂಟು, ಸಿಮೆಂಟು ಮುಚ್ಚಿಬಿಟ್ಟರೆ ತೇವ ಇನ್ನೂ ಮೇಲೆ ಹತ್ತಿ ಹೊರಬರುವ ಜಾಗ ಹುಡುಕುತ್ತದೆ. ಉಪ್ಪನ್ನೂ ಜೊತೆಗೆ ಎಳೆದು ತರುತ್ತದೆ. ಇನ್ನೊಂದು ಕೋಟ್ ಪೇಂಟು ಹೊಡೆದರೆ ಈ ಕಾಯಿಲೆ ವಾಸಿ ಆಗೋದಿಲ್ಲ, ಜಾಸ್ತಿ ಆಗುತ್ತದೆ.

ಹಾಗಾಗಿ ಮೊದಲ ಕೆಲಸ ಕೀಳೋದು. ಪೇಂಟನ್ನು ಕರಣೆ, ಕೆರೆಯುವ ಪಟ್ಟಿಯಿಂದ ಪೂರ್ತಿ ಕೆರೆದೆವು. ಸುಣ್ಣ ಹಚ್ಚುವ ಯೋಚನೆ ಇದ್ದರೆ ಇದರಲ್ಲಿ ಸೋಮಾರಿತನ ಮಾಡಬಾರದು. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯೋದಿಲ್ಲ, ಒಣಗಿದ ಮೇಲೆ ಪುಡಿಯಾಗಿ ಕೈಗೆ ಬರುತ್ತದೆ. ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದೆವು. ಜೋರಾಗಿ ಹೊಡೆದರೆ ಹಿಂದಿನ ಕಲ್ಲೇ ಅಲುಗುತ್ತದೆ. ಬಿಡಿಸಿದ ಮೇಲೆ ಗೋಡೆಯನ್ನು ಹಾಗೇ ಆರಲು ಬಿಟ್ಟೆವು. ಈ ಕೆಲಸಕ್ಕೆ ಮಳೆ ನಿಂತ ಮೇಲಿನ ಕಾಲವೇ ಒಳ್ಳೆಯದು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹಚ್ಚಿದ ಸುಣ್ಣ ಹಿಡಿಯುವ ಮೊದಲೇ ಒಣಗಿಬಿಡುತ್ತದೆ.

ಬಿದ್ದ ಕಡೆ ಮಣ್ಣಿನ ಗಿಲಾಯಿ. ಗೋಡೆಯಿಂದ ಉದುರಿದ ಹಳೆ ಮಣ್ಣನ್ನು ಚೆಲ್ಲಲಿಲ್ಲ. ಅದನ್ನು ಜರಡಿ ಹಿಡಿದು ನೆನೆಸಿ, ಮಸಾರಿ ಮಣ್ಣು (ಕೆಂಪು ಮಣ್ಣು), ಮರಳು, ಹೊಟ್ಟು, ಸ್ವಲ್ಪ ಸಗಣಿ ಸೇರಿಸಿ ಕಾಲಿನಿಂದ ತುಳಿದು ಕೊಳೆಯಲು ಬಿಟ್ಟೆವು. ಕೊಳೆತ ಮಣ್ಣು ವಾಸನೆ ಬರುತ್ತದೆ, ನಿಜ. ಆದರೆ ಕೈಗೆ ಬೆಣ್ಣೆ ಹತ್ತಿದಷ್ಟು ನುಣುಪು ಬಂದಿರುತ್ತದೆ, ಗೋಡೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಎರೆಮಣ್ಣು ಮಾತ್ರ ಬೇಡ. ಹೊಲದಲ್ಲಿ ಅದು ಬಂಗಾರ, ಗೋಡೆಗೆ ಆಗಿಬರೋದಿಲ್ಲ. ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ.

ಇನ್ನು ಸುಣ್ಣ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಇದೇ.

ಚೀಲದಲ್ಲಿ ಬರುವ ಸುಣ್ಣದ ಪುಡಿಗಿಂತ ಸುಟ್ಟ ಸುಣ್ಣದ ಕಲ್ಲು ತರೋದು ಒಳ್ಳೆಯದು. ಪುಡಿ ಹಳೆಯದಾಗಿದ್ದರೆ ಗಾಳಿ ತಾಗಿ ಸತ್ತುಹೋಗಿರುತ್ತದೆ. ಕಲ್ಲು ಜೀವಂತ ಇದೆಯಾ ಅಂತ ನೋಡೋದು ಸುಲಭ. ಒಂದು ಚೂರು ನೀರಿಗೆ ಹಾಕಿದರೆ ಸುಂಯ್ ಅಂತ ಸದ್ದು ಮಾಡಿ, ಬಿರಿದು, ನೀರು ಕುದಿಯಬೇಕು. ಸುಮ್ನೆ ಕೂತರೆ ಅಂಥ ಸುಣ್ಣ ವಾಪಸ್ ಕೊಟ್ಟುಬಿಡಿ.

ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣದ ಕಲ್ಲು. ಕಲ್ಲಿನ ರಾಶಿಯ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಅಂತೂ ಬೇಡವೇ ಬೇಡ, ಆ ಬಿಸಿಗೆ ಮೆತ್ತಗಾಗಿಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು. ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ತಡಮಾಡದೆ ಬಹಳ ಹೊತ್ತು ನೀರಿನಿಂದ ತೊಳೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಲೆಕ್ಕ ಹೀಗೆ: 1 ಕೆಜಿ ಸುಣ್ಣದ ಕಲ್ಲಿಗೆ ಸುಮಾರು 5 ಲೀಟರ್ ನೀರು. ಚೆನ್ನಾಗಿ ಕಲಸಿ ಕನಿಷ್ಠ 24 ಗಂಟೆ ಬಿಡಬೇಕು. ನಾವು ಇನ್ನೂ ಜಾಸ್ತಿ ಬಿಟ್ಟೆವು, ಹೆಚ್ಚು ನೆನೆದಷ್ಟೂ ಸುಣ್ಣ ನುಣ್ಣಗಾಗುತ್ತದೆ. ಆಮೇಲೆ ದಪ್ಪ ನೂಲಿನ ಬಟ್ಟೆಯಲ್ಲಿ ಸೋಸಬೇಕು. ಸೋಸಿದ 10 ಲೀಟರ್ ಸುಣ್ಣಕ್ಕೆ 40 ಗ್ರಾಂ ಜಾಲಿ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿದೆವು. ಅಂಟು ಇಲ್ಲದಿದ್ದರೆ ಗೋಡೆಗೆ ಒರಗಿದವರ ಬೆನ್ನೆಲ್ಲ ಬಿಳಿ. ಬೂಷ್ಟು ಹಿಡಿಯಬಾರದು ಅಂತ ಒಂದು ಚಿಟಿಕೆ ಮೈಲುತುತ್ತ ಹಾಕುವ ರೂಢಿಯೂ ಇದೆ. ಅದು ವಿಷ, ಅಡುಗೆಮನೆಯ ಪಾತ್ರೆಯಲ್ಲಿ ಕಲಸಬಾರದು.

ಹಚ್ಚುವ ಮೊದಲು ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿದೆವು. ಒಣ ಗೋಡೆ ಸುಣ್ಣದ ನೀರನ್ನೆಲ್ಲ ಹೀರಿಬಿಡುತ್ತದೆ. ಬ್ರಷ್ ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ, ಆರುವ ಮೊದಲು ಅಡ್ಡಡ್ಡ ಒಮ್ಮೆ. ಅಷ್ಟಾದರೆ ಒಂದು ಕೈ. ತೆಳುವಾಗಿಯೇ ಹಚ್ಚಬೇಕು. ಹಸಿ ಇದ್ದಾಗ ಏನೂ ಹಚ್ಚಿದ ಹಾಗೆ ಕಾಣೋದಿಲ್ಲ. ಹಿಂದಿನ ಮಣ್ಣು ಹಾಗೇ ಕಾಣುತ್ತಿರುತ್ತದೆ. ಬಿಳುಪು ಬರಲಿಲ್ಲ ಅಂತ ಗಟ್ಟಿ ಕಲಸಿ ಬಳಿದರೆ ಪದರ ಪದರವಾಗಿ ಏಳುತ್ತದೆ. ಸಂಜೆ ಹಚ್ಚಿ ಬೆಳಗ್ಗೆ ಎದ್ದು ನೋಡಿದರೆ ಗೋಡೆ ಬೆಳ್ಳಗಾಗಿರುತ್ತದೆ. ನೀರು ಸೇರಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಸುಡುವ ಮೊದಲು ಇದ್ದ ಕಲ್ಲೇ ಮತ್ತೆ ಆಗುತ್ತದೆ. ಕಲ್ಲು ಸುಟ್ಟು ಸುಣ್ಣ, ಸುಣ್ಣ ಗೋಡೆಗೆ ಹೋಗಿ ಮತ್ತೆ ಕಲ್ಲು. ಇದು ಆಗೋಕೆ ಗೋಡೆಯಲ್ಲಿ ಒಂದಿಷ್ಟು ತೇವ ಇರಬೇಕು. ಸಂಜೆ ಹಚ್ಚೋದು, ನಡುನಡುವೆ ನೀರು ಚಿಮುಕಿಸೋದು ಅದಕ್ಕೇ. ಗೋಡೆಗೆ ಮೂರು ಕೈ ಹಚ್ಚಿದೆವು. ಕೊನೆಯ ಕೈಗೆ ಚೂರೇ ಚೂರು ನೀಲಿ ಹಾಕಿದ್ದರಿಂದ ಬಿಳುಪು ಇನ್ನೂ ಎದ್ದು ಕಂಡಿತು.

ಗೋಡೆಗೆ ಬೇರೆ ಬಣ್ಣ ಬೇಡ ಅಂತ ನಾನು ಹಟ ಹಿಡಿದಿದ್ದೆ. ಪಡಸಾಲೆಗೆ ಇರೋದು ಒಂದೇ ಬೆಳಕಿಂಡಿ. ಮೇಲಿಂದ ಬಿದ್ದ ಬೆಳಕನ್ನು ಮೂಲೆ ಮೂಲೆಗೆ ಮುಟ್ಟಿಸೋದು ಬಿಳಿ ಗೋಡೆಯೇ. ಬಣ್ಣ ಇರಬೇಕಾದ್ದು ಕಣ್ಣು ನಿಲ್ಲುವ ಕಡೆ: ನೆಲದ ಅಂಚು, ಗೂಡು, ಬಾಗಿಲು. ಗೋಡೆ ಸುಮ್ಮನಿದ್ದರೆ ಹಬ್ಬಕ್ಕೆ ಏನೇ ಇಟ್ಟರೂ ಎದ್ದು ಕಾಣುತ್ತದೆ.

ನೆಲದ ಅಂಚಿಗೆ ಜಾಜು, ಅಂದರೆ ಕೆಮ್ಮಣ್ಣು. ನೀರು ಸಿಡಿಯುವ, ಪೊರಕೆ ತಾಗುವ ಜಾಗ ಅದು, ಬಿಳಿ ನಿಲ್ಲೋದಿಲ್ಲ. ಹಿಂದಿನವರು ಅಲ್ಲಿ ಕೆಂಪು ಪಟ್ಟಿ ಎಳೆದಿದ್ದು ಬರೀ ಚಂದಕ್ಕಲ್ಲ. ಆದರೆ ಅಂಗಡಿಯಲ್ಲಿ ಜಾಜು ಅಂತ ಕೊಡುವ ಪುಡಿಯೆಲ್ಲ ಜಾಜು ಅಲ್ಲ. ಬಣ್ಣ ಬೆರೆಸಿದ ಪುಡಿಯೂ ಇರುತ್ತದೆ, ಅದು ಸುಣ್ಣದ ಖಾರಕ್ಕೆ, ಬಿಸಿಲಿಗೆ ಬೇಗ ಪೇಲವವಾಗುತ್ತದೆ. ಪುಡಿ ತಂದ ದಿನವೇ ಒಂದು ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿ ಅಲ್ಲಾಡಿಸಿ ಇಟ್ಟೆ. ಮೊದಲಿಗೆ ಲೋಟವೆಲ್ಲ ಕೆಂಪು. ನಿಜವಾದ ಜಾಜು ಆದರೆ ಹೊತ್ತು ಹೋದಂತೆ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ತಳದಲ್ಲಿ ದಪ್ಪ ಕಣ, ಅದರ ಮೇಲೆ ನುಣ್ಣನೆಯ ಕೆಸರಿನ ಪದರ, ಎರಡೂ ಬೇರೆ ಬೇರೆ ಕಾಣುತ್ತವೆ. ಬಣ್ಣ ಬೆರೆಸಿದ್ದಾದರೆ ಮರುದಿನವೂ ನೀರು ಗುಲಾಬಿಯಾಗಿಯೇ ಇರುತ್ತದೆ. ನಮ್ಮ ಪುಡಿ ಕೂತಿತು. ಮೇಲಿನ ನುಣ್ಣನೆಯ ಪದರವನ್ನೇ ಬಗ್ಗಿಸಿ ತೆಗೆದು, ಅಂಟು ಸೇರಿಸಿ ಹಚ್ಚಿದೆವು.

ಜಾಜಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಬಿಸಿಲಿಗೂ ಬಗ್ಗೋದಿಲ್ಲ, ಸುಣ್ಣಕ್ಕೂ ಬಗ್ಗೋದಿಲ್ಲ. ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲಿ 400ಕ್ಕೂ ಹೆಚ್ಚು ಶಿಲಾಸಮಾಧಿಗಳಿವೆ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದ ಜಾಗ ಅದು. ಅಲ್ಲಿನ ಬಂಡೆಯ ಆಸರೆಗಳಲ್ಲಿ ಕೆಮ್ಮಣ್ಣಿನಲ್ಲಿ ಬರೆದ ಮನುಷ್ಯರು, ಪ್ರಾಣಿಗಳು ಇವತ್ತಿಗೂ ಕಾಣುತ್ತವೆ. ಸಾವಿರಾರು ವರ್ಷ ನಿಂತ ಬಣ್ಣ, ನಮ್ಮ ನೆಲದಂಚಿನಲ್ಲಿ ನಾಲ್ಕು ಮಳೆಗಾಲ ನಿಂತರೆ ಏನು ದೊಡ್ಡದು!

ಗೂಡುಗಳ ಒಳಗೆ ನೀಲಿ. ಬಟ್ಟೆಗೆ ಹಾಕುವ ನೀಲಿ ಪುಡಿಯನ್ನೇ ಸುಣ್ಣಕ್ಕೆ ಬೆರೆಸಿದೆವು. ಆ ಪುಡಿ ಅಲ್ಟ್ರಾಮರೀನ್, ಸುಣ್ಣದಲ್ಲಿ ಕೆಡೋದಿಲ್ಲ. ಬಾಟಲಿಯಲ್ಲಿ ಬರುವ ನೀರು ನೀಲಿ ಬೇರೆ ಸರಕು, ಅದನ್ನು ಬಳಸಬೇಡಿ. ಹಳದಿ ಬೇಕೆನಿಸಿದರೆ ಅರಿಶಿನದ ಆಸೆಗೆ ಬೀಳಬೇಡಿ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿ ನೀರು, ಆರತಿ ನೀರು ಮಾಡೋದೇ ಹಾಗಲ್ವಾ? ಸುಣ್ಣದ ಗೋಡೆಗೆ ಹಳದಿ ಮಣ್ಣು ಸರಿ, ಅದೂ ಕಬ್ಬಿಣದ ಅಂಶದ್ದೇ. ಅರಿಶಿನ ಹೊಸ್ತಿಲಿಗಿರಲಿ. ನಮ್ಮ ಹೊಸ್ತಿಲಿಗೆ ಹಳದಿ ಆಯಿಲ್ ಪೇಂಟ್ ಬಳಿದುಬಿಡೋಣ ಅಂತ ಮಾತು ಬಂದಿತ್ತು. ಅತ್ತೆ ಒಪ್ಪಲಿಲ್ಲ. "ವಾರಕ್ಕೊಮ್ಮೆ ಹೊಸ್ತಿಲಾ ತೊಳದು ಅರಿಶಿಣಾ ಹಚ್ಚೂದು ಕೆಲಸಲ್ಲವಾ, ಅದು ಮನಿಗೆ ಕೊಡೂ ಮರ್ಯಾದಿ" ಅಂದರು. ನನಗೂ ಅದೇ ಸರಿ ಅನ್ನಿಸಿತು.

ಬಾಗಿಲ ಕೆಲಸ ನಿಧಾನದ್ದು. ಹಸಿರು, ನೀಲಿ, ಕಂದು ಅಂತ ಹಲವು ಪದರ ಆಯಿಲ್ ಪೇಂಟು ಕೂತಿತ್ತು. ಚೌಕಟ್ಟಿನ ಮೇಲಿನ ಕಮಲ, ಗಿಳಿಗಳ ಕೆತ್ತನೆ ಪೇಂಟಿನಲ್ಲಿ ಮುಳುಗಿ ಬರೀ ಉಬ್ಬುಗಳಾಗಿ ಉಳಿದಿದ್ದವು. ಪೇಂಟ್ ತೆಗೆಯುವ ದ್ರಾವಣ ಹಚ್ಚಿ, ಸಮತಟ್ಟು ಜಾಗವನ್ನು ಪಟ್ಟಿಯಿಂದ, ಕೆತ್ತನೆಯನ್ನು ಬಿದಿರ ಕಡ್ಡಿ ಮತ್ತು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿದೆವು. ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಒಣದಾಗಿ ಉಜ್ಜಿ ದೂಳು ಎಬ್ಬಿಸಬಾರದು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಬೇಕು. ಒಂದು ಗಿಳಿಯ ಕೊಕ್ಕಿನ ಕೆಳಗೆ ಸಣ್ಣ ಹಣ್ಣು ಇತ್ತು. ಮನೆಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ, ಅತ್ತೆ ಕೂಡ.

ಕಟ್ಟಿಗೆಗೆ ಮತ್ತೆ ಪೇಂಟು ಹಚ್ಚಲಿಲ್ಲ. ಅಗಸೆ ಎಣ್ಣೆ ಹಚ್ಚಿದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯೇ ಬೇಕು. ಗಾಣದ ಹಸಿ ಎಣ್ಣೆ ಒಣಗೋಕೆ ಬಹಳ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ದೂಳೆಲ್ಲ ಅಂಟಿಕೊಳ್ಳುತ್ತದೆ. ಬಟ್ಟೆಯಲ್ಲಿ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಒಂದು ಮಾತು ಮಾತ್ರ ಮರೆಯಬೇಡಿ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಅಂಗಳದಲ್ಲಿ ಬಿಡಿಸಿ ಹರವಿ.

ದೊಡ್ಡ ಗೂಡಿನಲ್ಲಿ ಒಂದು ಕಿನ್ನಾಳದ ಮರದ ಗೊಂಬೆ ಇತ್ತು. ಹೆಣ್ಣು ಗೊಂಬೆ, ಒಂದು ಕೈಯ ಬಣ್ಣ ಉದುರಿ, ಭುಜದ ಕೂಡು ಬಿಟ್ಟುಕೊಂಡಿತ್ತು. ಫೆವಿಕಾಲ್ ಹಾಕಿ ಅಂಟಿಸೋದು ಸುಲಭ. ಆದರೆ ಕಿನ್ನಾಳ ನಮ್ಮ ತಾಲ್ಲೂಕಿನ ಊರೇ. ಮಾಡಿದವರ ಕೈಯಿಂದಲೇ ರಿಪೇರಿ ಆಗಲಿ ಅಂತ ಅಲ್ಲಿನ ಚಿತ್ರಗಾರರ ಮನೆಗೆ ಒಯ್ದೆವು. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳನ್ನು ಬರೆದವರು ಇವರ ಹಿಂದಿನವರು ಎಂಬ ಮಾತಿದೆ. ಕಿನ್ನಾಳದ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಅವರು ಮೊದಲು ಬಿಟ್ಟ ಕೂಡನ್ನು ಒರೆಸಿ ಚೊಕ್ಕ ಮಾಡಿದರು. ಅಲ್ಲಿ ತುಂಬಿದ್ದು ಕಿಟ್ಟ. ಸೆಣಬಿನ ಚೂರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಮಾಡುವ ಹದ ಅದು. ಮೇಲೆ ಹತ್ತಿ ಬಟ್ಟೆಯ ತೆಳು ಚೂರನ್ನು ಅದೇ ಹುಣಸೆ ಅಂಟಿನಿಂದ ಕೂರಿಸಿದರು. ಕೂಡು ಎಲ್ಲಿತ್ತು ಅಂತ ಬೆರಳಿಗೂ ಗೊತ್ತಾಗದ ಹಾಗೆ. ಆ ಬಟ್ಟೆಯ ಮೇಲೆ ಬೆಣಚು ಕಲ್ಲಿನ ನುಣ್ಣನೆಯ ಹಿಟ್ಟನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಬಣ್ಣ ಕೂರೋದು ಅದರ ಮೇಲೆ. ಬಳೆ, ಸರ, ಡಾಬುಗಳ ಉಬ್ಬು ಬರೋದೂ ಅದೇ ಕಲ್ಲಿನ ಹಿಟ್ಟಿನಿಂದಲೇ. ನಮ್ಮ ಗೊಂಬೆಯ ತೋಳಬಂದಿ ಒಂದು ಕಡೆ ಸವೆದಿತ್ತು. ಅದನ್ನು ಚುಕ್ಕಿ ಚುಕ್ಕಿಯಾಗಿ ಎಬ್ಬಿಸಿ, ಒಣಗಿದ ಮೇಲೆ ಬಣ್ಣ ಹಾಕಿದರು. ಹಳೆ ಕೈಯ ಮಾಸಿದ ಕೆಂಪಿಗೆ ಹೊಸ ಕೈಯ ಕೆಂಪನ್ನು ಹೊಂದಿಸಿದ ರೀತಿ ನೋಡಬೇಕಿತ್ತು. ಇಡೀ ಗೊಂಬೆಗೆ ಹೊಸ ಬಣ್ಣ ಹಾಕಿ ಅಂತ ನಾವು ಕೇಳಲಿಲ್ಲ. ಅವರೂ ಬೇಡ ಅಂದರು. ಮುಖದ ಗೆರೆಗಳು ಮೊದಲು ಬರೆದವರ ಕೈಯಲ್ಲೇ ಉಳಿದವು.

ಗೊಂಬೆ ಈಗ ನೀಲಿ ಗೂಡಿನಲ್ಲಿ ಕಾಯಂ. ಪಕ್ಕದ ಗೂಡು ಮಾತ್ರ ಕಾಯಂ ಯಾವುದಕ್ಕೂ ಇಲ್ಲ, ಅದು ಹಬ್ಬದ ಗೂಡು. ಅತ್ತೆಗೆ ಇದರ ಪಟ್ಟಿ ಬಾಯಿಪಾಠ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು, ಮುಂದೆ ಗ್ವಾದಲಿ (ಮೇವಿನ ತೊಟ್ಟಿ). ಚೌತಿಗೆ ಗಣಪ. ಮಹಾನವಮಿಗೆ ಬನ್ನಿ. ದೀಪಾವಳಿಗೆ ಸಗಣಿಯ ಪಾಂಡವರು, ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ. ಪಂಚಮಿಗೆ ಗೂಡಿಗಿಂತ ಜಂತೆಗೇ ಬೇಡಿಕೆ, ಜೋಕಾಲಿ ಕಟ್ಟಬೇಕಲ್ಲ! ಹಗ್ಗ ಕಟ್ಟುವ ತೊಲೆಯನ್ನು ಗೌಂಡಿ ಅಜ್ಜ ಉಳಿಯಿಂದ ತಟ್ಟಿ, ಹುಳ ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಟ್ಟರು. ಭತ್ತದ ಕೊಯ್ಲು ಮುಗಿದ ಮೇಲೆ ಗಂಗಾವತಿ ಕಡೆಯ ನೆಂಟರು ತೆನೆ ತಂದುಕೊಡುತ್ತಾರೆ. ಅದನ್ನು ಹೆಣೆದು ತಲೆಬಾಗಿಲಿಗೆ ಕುಚ್ಚು ಕಟ್ಟುತ್ತೇವೆ. ಕಾಳು ಗುಬ್ಬಿಗಳ ಪಾಲು. ಹುಲ್ಲು ಮಾಸುವ ಹೊತ್ತಿಗೆ ಯುಗಾದಿ ಬಂದಿರುತ್ತದೆ, ಮಾವು-ಬೇವಿನ ತೋರಣ ಏರುತ್ತದೆ. ಪ್ಲಾಸ್ಟಿಕ್ ತೋರಣ ವರ್ಷವಿಡೀ ಇರುತ್ತದೆ, ಅದಕ್ಕೇ ಅದು ನನಗೆ ಬೇಡ. ಯಾವಾಗಲೂ ಇರೋದು ಯಾವ ಹಬ್ಬದ್ದೂ ಅಲ್ಲ.

ಗೋಡೆಗೆ ತೂಗುಹಾಕಲು ಸಂಡೂರಿನ ಲಂಬಾಣಿ ಕಸೂತಿಯ ಬಟ್ಟೆ ತಂದಿದ್ದೇವೆ. ಕನ್ನಡಿ ಚೂರು, ಕವಡೆ ಇರುವ ಭಾರದ ಬಟ್ಟೆ. ಮಣ್ಣಿನ ಗೋಡೆಗೆ ಮೊಳೆ ನಿಲ್ಲೋದಿಲ್ಲ, ಹೊಡೆದ ಕಡೆ ಗಿಲಾಯಿ ಕಿತ್ತು ಬರುತ್ತದೆ. ಹಳೆ ಮನೆಗಳಲ್ಲಿ ಕಟ್ಟುವಾಗಲೇ ಕೂರಿಸಿದ ಕಟ್ಟಿಗೆ ಗೂಟಗಳಿರುತ್ತವೆ. ಬಿದಿರಿನ ಕೋಲಿಗೆ ಬಟ್ಟೆ ಹೊಲಿದು, ಕೋಲನ್ನು ಎರಡು ಗೂಟಗಳ ಮೇಲೆ ಇಟ್ಟಿದ್ದೇವೆ. ಬಟ್ಟೆ ಗೋಡೆಗೆ ತಾಗದೆ ನಾಲ್ಕು ಬೆರಳು ಮುಂದೆ ನಿಲ್ಲುತ್ತದೆ, ಹಿಂದೆ ಗಾಳಿ ಆಡುತ್ತದೆ. ಮಳೆಗಾಲಕ್ಕೆ ತೆಗೆದು, ಮಡಚಿ, ಬೇವಿನ ಸೊಪ್ಪು ಹಾಕಿ ಇಡುತ್ತೇವೆ.

ಗವಿಸಿದ್ದೇಶ್ವರ ಜಾತ್ರೆಯ ಹೊತ್ತಿಗೆ ಕೆಲಸ ಮುಗಿಯಬೇಕು ಅಂತ ಇತ್ತು. ಜನವರಿಯಲ್ಲಿ ಮನೆ ತುಂಬ ನೆಂಟರು, ಮಠದ ದಾಸೋಹಕ್ಕೆ ರೊಟ್ಟಿ ಬಡಿಯುವ ಗಡಿಬಿಡಿ. ಮುಗಿಯಿತು. ಗೋಡೆಗೆ ಒರಗಿ ಕೂತವರ ಅಂಗಿಗೆ ಬಿಳಿ ಹತ್ತಲಿಲ್ಲ. ಅಂಟಿನ ಹದ ಸರಿ ಇತ್ತು ಅಂತ ಅರ್ಥ.

ಸಿಮೆಂಟ್ ಬಿಡಿಸಿದ ಕಡೆ ಈಗಲೂ ಒಂದು ಮೂಲೆಯಲ್ಲಿ ಸಣ್ಣಗೆ ಉಪ್ಪು ಏಳುತ್ತಿದೆ. ಹಳೆಯ ಉಪ್ಪು ಪೂರ್ತಿ ಹೊರಬರೋಕೆ ಕಾಲ ಬೇಕು. ಒಣ ಬ್ರಷ್‌ನಿಂದ ಉದುರಿಸಿ ಹೊರಗೆ ಚೆಲ್ಲುತ್ತೇವೆ. ನೀರಿನಿಂದ ಒರೆಸಿದರೆ ಅದೇ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಆ ಮೂಲೆಗೆ ಯುಗಾದಿಗೆ ಮೊದಲು ಇನ್ನೊಂದು ಕೈ ಸುಣ್ಣ ಹಚ್ಚಬೇಕು. ಅದಕ್ಕೆ ಅಂತಲೇ ಉಳಿದ ಸುಣ್ಣವನ್ನು ಒಂದು ಗಡಿಗೆಯಲ್ಲಿ ಹಾಕಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಿ ಹಿತ್ತಲಲ್ಲಿ ಇಟ್ಟಿದ್ದೇವೆ. ನೀರು ಆರದಂತೆ ನೋಡಿಕೊಂಡರೆ ಎಷ್ಟು ತಿಂಗಳಾದರೂ ಕೆಡೋದಿಲ್ಲ.